ಕಿವಿ ಮೇಲಿನ ಪ್ರೈಮರ್

ಪೇಂಟರ್ ತಮ್ಮನ ಹೊಟ್ಟೆಯೊಳಗೆ ಅಕ್ಕನ ಕಿಡ್ನಿ ಇತ್ತು. ಆರು ವರ್ಷದಿಂದ ಅವಳದ್ದು ಒಂದೇ ರಾಗ: "ನನ್ನ ಕಿಡ್ನಿ ಹೇಗಿದೆಯೋ? ನನ್ನ ಕಿಡ್ನಿಗೆ ನೀರು ಕುಡಿಸಿದ್ಯೇನೋ?" ತಮ್ಮ ಹೇಗಿದ್ದಾನೆ ಅಂತ ಮಾತ್ರ ಅಪ್ಪಿತಪ್ಪಿಯೂ ಕೇಳುತ್ತಿರಲಿಲ್ಲ.

ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕಿಡ್ನಿ ಒಗ್ಗಲು ಕೊಡುವ ಮಾತ್ರೆ ಮೈಯ ಕಾವಲನ್ನೇ ಸಡಿಲ ಮಾಡುತ್ತೆ, ಬಿಸಿಲಿಗೆ ಚರ್ಮದ ಕ್ಯಾನ್ಸರ್ ಬೇಗ ಬರುತ್ತೆ, ಟೋಪಿ ಹಾಕಪ್ಪ ಅಂತ. ನಮ್ಮ ಮಹಾಶಯ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ, ಒಂದು ದಿನವೂ ಟೋಪಿ ಹಾಕಲಿಲ್ಲ. ಏಣಿ ಮೇಲೆ ಹಾರಿಹೋಗುತ್ತಂತೆ!

ಹೀಗಿರುವಾಗ ಕಿವಿಯಂಚಿನಲ್ಲಿ ಒಂದು ಕೆಂಪು ಕಲೆ ಕಂಡಿತು. ಪೇಂಟರ್ ಕಿವಿ ತಾನೇ, ಗೇಟಿಗೆ ಮೊದಲು ಬಳಿಯುವ ಕೆಂಪು ಪ್ರೈಮರ್ ಸಿಡಿದಿರಬೇಕು ಅಂತ ಟರ್ಪೆಂಟೈನ್ ಹಚ್ಚಿ ತಿಕ್ಕಿದ. ಮರುದಿನವೂ ತಿಕ್ಕಿದ. ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. "ಒಳ್ಳೆ ಮಾಲು" ಅಂತ ಮೆಚ್ಚಿಕೊಂಡ ಬೇರೆ.

ಅಕ್ಕನ ಮನೆಗೆ ಟೀಗೆ ಹೋದಾಗ ಸಿಕ್ಕಿಬಿದ್ದ.

"ಏನೋ ಅದು ಕಿವಿ ಮೇಲೆ?"

"ಪ್ರೈಮರ್ ಕಣಕ್ಕ."

"ಕೊನೆ ಸಲ ಗೇಟಿಗೆ ಬಣ್ಣ ಹೊಡೆದಿದ್ದು ಯಾವಾಗ?"

ಬೆರಳು ಮಡಚಿ ಎಣಿಸಿದ. ಎರಡು ತಿಂಗಳಿಂದ ಬರೀ ಬಿಳಿ ಗೋಡೆ! ಟೀ ಲೋಟ ಕೆಳಗಿಟ್ಟ.

ಅಕ್ಕ ಆಸ್ಪತ್ರೆಗೆ ಎಳೆದೊಯ್ದು ಪರೀಕ್ಷೆ ಮಾಡಿಸಿದರೆ, ಕ್ಯಾನ್ಸರೇ. "ಕಿವಿಯಂಚು ಕತ್ತರಿಸೋಣ. ನಿಮ್ಮಂಥವರಲ್ಲಿ ಇದು ಬೇಗ ಹರಡುತ್ತೆ, ಆ ಮಾತ್ರೇನೂ ಇಳಿಸಬೇಕು" ಎಂದರು ಡಾಕ್ಟರಮ್ಮ. "ಇಳಿಸಿದ್ರೆ ಕಿಡ್ನಿ ಮುನಿಸಿಕೊಂಡ್ರೂ ಮುನಿಸಿಕೊಳ್ಳಬಹುದು."

"ಬೇಕಾದ್ರೆ ಪೂರ್ತಿ ಕಿವಿ ತಗೊಳ್ಳಿ, ಮಾತ್ರೆ ಮುಟ್ಟಬೇಡಿ!" ತಮ್ಮ ಹಟಕ್ಕೆ ಬಿದ್ದ. "ಅದು ಅಕ್ಕನದ್ದು. ಹಾಳಾದ್ರೆ ಯಾವ ಮುಖ ಹೊತ್ತು ಅವಳ ಮನೆಗೆ ಹೋಗಲಿ?"

ಪಕ್ಕದಲ್ಲೇ ಕೂತಿದ್ದ ಅಕ್ಕನ ಮುಖ ಸಪ್ಪಗಾಯಿತು. ತಮಾಷೆ ಇಷ್ಟು ಆಳಕ್ಕೆ ಇಳಿದಿದೆ ಅಂತ ಅವಳಿಗೇನು ಗೊತ್ತು, ಪಾಪ!

"ಲೋ ಕತ್ತೆ, ನಿನ್ನ ಉಳಿಸಿಕೊಳ್ಳೋಕೆ ಅದನ್ನ ಕೊಟ್ಟೆ. ಅದನ್ನ ಕಾಯೋಕೆ ನಿನ್ನ ಇಟ್ಕೊಂಡಿಲ್ಲ. ನೀವು ಮಾತ್ರೆ ಇಳಿಸಿ ಡಾಕ್ಟ್ರೇ."

ಕಿವಿಯಂಚು ಹೋಯಿತು. ತಿಂಗಳ ಮೇಲೆ ರಿಪೋರ್ಟು ಬಂತು: ಕ್ಯಾನ್ಸರ್ ಎಲ್ಲೂ ಹರಡಿಲ್ಲ. ರಕ್ತ ಪರೀಕ್ಷೆಯೂ ಸರಿಯಾಗಿತ್ತು. ತಮ್ಮ ಓಡೋಡಿ ಹೊರಗೆ ಬಂದು, ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕ ಬಾಯಿ ತೆರೆಯುವ ಮೊದಲೇ, "ನಿನ್ನ ಕಿಡ್ನಿ ಚೆನ್ನಾಗಿದೆ ಅಕ್ಕ!" ಎಂದ.

"ಅದು ಹಾಳಾಗಿ ಹೋಗ್ಲಿ. ನೀನು ಹೇಗಿದ್ದೀಯೋ?"

ಎರಡು ಅಂತಸ್ತಿನ ಏಣಿ ಹತ್ತಲು ಹೆದರದವನು ಆಸ್ಪತ್ರೆ ಬಾಗಿಲಲ್ಲಿ ಗೊಳೋ ಎಂದು ಅತ್ತುಬಿಟ್ಟ. ಅಕ್ಕ ತನ್ನ ಹೂವಿನ ಚಿತ್ರದ ಟೋಪಿ ತೆಗೆದು ಅವನ ತಲೆಗೆ ಒತ್ತಿದಳು. ಹೋಗಿಬರುವವರೆಲ್ಲ ನೋಡಿ ನಕ್ಕರು. ಅವನು ತೆಗೆಯಲಿಲ್ಲ.