ತುಕ್ಕಿನ ಮೇಡಂ

ಎದುರಿಗೆ ಸಿಕ್ಕ ಎಲೆಯ ಬೆನ್ನನ್ನು ನೋಡದೆ ಅವರು ಮುಂದೆ ಹೋದವರೇ ಅಲ್ಲ. ಬ್ಯಾಂಕಿನ ಬಾಗಿಲಲ್ಲಿಟ್ಟ ಹೂಕುಂಡವಿರಲಿ, ನೆಂಟರ ಮನೆಯ ಬೇಲಿಯಿರಲಿ, ಸೊಂಟ ಬಾಗಿಸಿ, ಕನ್ನಡಕವನ್ನು ಹಣೆಗೇರಿಸಿ, ಮಗುವಿನ ಕಿವಿ ಹಿಡಿದಷ್ಟು ಮೆಲ್ಲಗೆ ಎಲೆಯನ್ನು ಮಗುಚಿ, ‘ಹೂಂ’ ಎಂದ ಮೇಲೆಯೇ ಮುಂದಿನ ಹೆಜ್ಜೆ. ವರ್ಷಗಟ್ಟಲೆ ಹೀಗೆ ಬಾಗಿ ಬಾಗಿ ಅವರ ನಡಿಗೆಯೇ ಒಂದು ಬದಿಗೆ ವಾಲಿಬಿಟ್ಟಿತ್ತು. ಗೋಧಿಗೆ ತಗಲುವ ತುಕ್ಕುರೋಗ ಅವರ ಆಜೀವ ವ್ಯಾಸಂಗ; ಆ ಶಿಲೀಂಧ್ರದ ಕಿತ್ತಳೆ ಬಣ್ಣದ ಹುಡಿ ಎಷ್ಟು ಒಗೆದರೂ ಹೋಗದಂತೆ ಅವರ ಬಿಳಿಯ ಕೋಟಿನ ತೋಳುಗಳಲ್ಲಿ ನೆಲೆಸಿದ್ದರಿಂದ ಸಂಶೋಧನಾ ಕೇಂದ್ರದವರೆಲ್ಲ ಅವರನ್ನು ತುಕ್ಕಿನ ಮೇಡಂ ಎಂದೇ ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಅವರಿಗೆ ಬಿರುದು ಬಂದಷ್ಟು ಸಂತೋಷ.

ಉಳಿದವರು ರೋಗಕ್ಕೆ ಔಷಧಿ ಹುಡುಕುತ್ತಿದ್ದರೆ, ಇವರು ರೋಗಕ್ಕೆ ಊಟ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದರು. ಈ ಶಿಲೀಂಧ್ರಕ್ಕೆ ಸ್ವಂತ ಅಡುಗೆ ಗೊತ್ತಿಲ್ಲ. ಎಲೆಯು ಬಿಸಿಲಿನಲ್ಲಿ ಮಾಡಿಟ್ಟುಕೊಂಡ ಸಕ್ಕರೆಯನ್ನೇ ಹೀರಿ, ಉಂಡ ಮನೆಗೆ ಎರಡು ಬಗೆಯುವುದು ಅದರ ಜಾಯಮಾನ. ಎಲೆಯೊಳಗೆ ಸಕ್ಕರೆ ಸಾಗುವ ದಾರಿ ತುಸು ಬದಲಾದರೆ ಕಳ್ಳನಿಗೆ ತುತ್ತು ಸಿಗದು ಎಂಬುದು ಮೇಡಂ ನಂಬಿಕೆ. ಸಕ್ಕರೆ ಕಾರ್ಖಾನೆಯಲ್ಲಿ ರಸಾಯನಜ್ಞರಾಗಿದ್ದ ಅವರ ಗಂಡ, ತಾನು ತಯಾರಿಸುವ ಸಕ್ಕರೆಗಿಂತ ಹೆಂಡತಿ ಬಚ್ಚಿಡುವ ಸಕ್ಕರೆಯ ಮಾತೇ ಮನೆಯಲ್ಲಿ ಹೆಚ್ಚೆಂದು ನಗುತ್ತಿದ್ದರು.

ಆ ನಂಬಿಕೆಯ ಮೇಲೆ, ತಳಿಗೆ ತಳಿ ಬೆರೆಸಿ ಬಹುಕಾಲ ಕಾದು ಅವರು ಬೆಳೆಸಿದ ಗೋಧಿ ನೋಡಲು ಚೆಲುವಾಗಿರಲಿಲ್ಲ. ತೆನೆ ತುಂಬಿದರೂ ಎಲೆಯ ತುದಿಗಳು ಬೇಗ ಒಣಗುತ್ತಿದ್ದವು. ಹೊಸದಾಗಿ ಬಂದ ನಿರ್ದೇಶಕರು ಅದನ್ನೇ ರೋಗವೆಂದು ತಿಳಿದು, ಆ ಸಾಲನ್ನು ಕಿತ್ತುಹಾಕಲು ಹೇಳಿದರು. ಮೇಡಂ ಜಗಳವಾಡಲಿಲ್ಲ; ಮೋಟು ಸ್ಟೂಲೊಂದನ್ನೂ ಊಟದ ಡಬ್ಬಿಯನ್ನೂ ತಂದು ಸಾಲಿನ ನಡುವೆ ಕುಳಿತುಬಿಟ್ಟರು. ಕೀಳಲು ಬಂದ ಕೆಲಸಗಾರರು ಗುದ್ದಲಿ ಊರಿ ಮುಖಮುಖ ನೋಡಿಕೊಂಡರು. ಕೊನೆಗೆ ನಿರ್ದೇಶಕರೇ ಹೊಲಕ್ಕೆ ಬರಬೇಕಾಯಿತು.

“ತುದಿ ಒಣಗೋದು ರೋಗ ಅಲ್ಲ ಸರ್. ಸಕ್ಕರೆ ದಾರಿ ಬದಲಾಗಿದೆಯಲ್ಲ, ಅದಕ್ಕೆ ಗಿಡ ತೆರೋ ಸುಂಕ” ಎಂದರು ಮೇಡಂ. “ಕೀಳೋ ಮುಂಚೆ ನಿಮ್ಮ ಕೈಯಾರೆ ತುಕ್ಕು ಹಾಕಿ ನೋಡಿ. ಹತ್ತಿಕೊಂಡ್ರೆ ನಾನೇ ಕೀಳ್ತೀನಿ.”

ನಿರ್ದೇಶಕರೂ ಹಟವಾದಿಯೇ. ಆ ಸಾಲಿಗೂ ಪಕ್ಕದ ಚೆಲುವಿನ ತಳಿಗೂ ಹುಡಿಯನ್ನು ಧಾರಾಳವಾಗಿ ಎರಚಿದರು. ಮೇಡಂ ಹೊರಗೆ ನಗುತ್ತಿದ್ದರೂ ದಿನಕ್ಕೆ ಹತ್ತು ಸಲ ಬಂದು ಎಲೆ ಮಗುಚಿ ನೋಡುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಪಕ್ಕದ ಸಾಲು ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಇವರ ಸಾಲಿನಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಮೂಡಿ, ಅಲ್ಲಿಗೇ ನಿಂತವು. ನಿರ್ದೇಶಕರು ಇಸ್ತ್ರಿ ಮಾಡಿದ ಪ್ಯಾಂಟಿನ ಹಂಗು ಬಿಟ್ಟು ಮಣ್ಣಿನಲ್ಲಿ ಮಂಡಿಯೂರಿ, ಒಂದೊಂದೇ ಎಲೆಯನ್ನು ಬೆರಳಿನಿಂದ ಸವರಿದರು. ಬೆರಳಿಗೆ ಬಣ್ಣ ಅಂಟಲಿಲ್ಲ.

“ಪಾಪ, ಹೊಟ್ಟೆಗಿಲ್ಲದೆ ಸೊರಗಿಹೋಗಿವೆಯಲ್ಲ ಮೇಡಂ” ಎಂದರು ಅವರು, ಶಿಲೀಂಧ್ರವನ್ನು ಕುರಿತು.

ಮೇಡಂ ನಕ್ಕ ನಗುವಿಗೆ ಕೆಲಸಗಾರರೂ ನಕ್ಕರು, ನಿರ್ದೇಶಕರೂ ನಕ್ಕರು. ಗಂಡನಿಗೆ ಫೋನು ಮಾಡಿದರೆ ನಗುವಿನಲ್ಲಿ ಮಾತೇ ಹೊರಡಲಿಲ್ಲ. ಆತನಿಗೆ ಅಷ್ಟರಿಂದಲೇ ಎಲ್ಲವೂ ತಿಳಿಯಿತು.

ವೈರಿಯನ್ನು ಕೊಲ್ಲಲು ಹೊರಟವರ ಮುಖ ಸಾಮಾನ್ಯವಾಗಿ ಬಿಗಿದಿರುತ್ತದೆ. ಅದರ ಹಸಿವನ್ನು ಅರಿಯಲು ಹೊರಟವರ ಮುಖದಲ್ಲಿ ಮಾತ್ರ ಸದಾ ಒಂದು ಕುತೂಹಲದ ಬೆಳಕು. ಇಂಥವರು ರೋಗದೊಡನೆ ಎಷ್ಟು ದೀರ್ಘಕಾಲ ಬಾಳುತ್ತಾರೆಂದರೆ ಅದನ್ನು ದ್ವೇಷಿಸುವುದನ್ನೇ ಮರೆತುಬಿಡುತ್ತಾರೆ. ಮರೆತದ್ದರಿಂದಲೇ, ಒಮ್ಮೊಮ್ಮೆ, ಗೆಲ್ಲುತ್ತಾರೆ.