ಹಿಂದೆ ಸಾಫ್ ಐತಿ

ರಾಯಬಾಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮಲಕಾರಿಗೆ ಎಡಗಣ್ಣು ಹೋಗಿತ್ತು, ಬಲಗಣ್ಣು ಹೋಗುತ್ತಿತ್ತು. ಇದು ಅವನಿಗೆ ಮತ್ತು ಮಿರಜಿನ ಕಣ್ಣಿನ ಡಾಕ್ಟರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಫೋಟೋ ತೆಗೆಯುವವನಿಗೆ ಕಣ್ಣಿಲ್ಲವಂತೆ ಎಂಬ ಮಾತು ಸಂತೆಯಲ್ಲಿ ಒಮ್ಮೆ ಬಿದ್ದರೆ ಮುಗಿಯಿತು, ಮರುದಿನದಿಂದ ಸ್ಟುಡಿಯೋದ ಬಾಗಿಲು ತೆಗೆದರೂ ಅಷ್ಟೇ, ಹಾಕಿದರೂ ಅಷ್ಟೇ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದುಹಾಕಿದೆ, ಈ ಉದ್ಯೋಗ ಇನ್ನು ಸಾಕು ಎಂದು ಡಾಕ್ಟರು ಮರಾಠಿಯಲ್ಲಿ ಮೆತ್ತಗೆ ಹೇಳಿದಾಗ ಮಲಕಾರಿ ಅವರ ಮೇಲೆಯೇ ಜೋರು ಮಾಡಿ ಎದ್ದು ಬಂದಿದ್ದ. ಹೊಸ ಕ್ಯಾಮರಾ ತಾನೇ ಫೋಕಸ್ ಮಾಡಿಕೊಳ್ಳುತ್ತದೆ. ತಾನು ಗುಂಡಿ ಒತ್ತಿದರಾಯಿತು.

ಸ್ಟುಡಿಯೋದಲ್ಲಿ ಅವನ ಪಾಲುದಾರನ ಹೆಸರು ಸಮಾಧಾನ. ತನ್ನ ಚಿಕ್ಕಪ್ಪನ ಮಗಳು ಸುಜಾತಾಳನ್ನು ಅವನಿಗೆ ಕೊಡಿಸಿದವನೂ ಮಲಕಾರಿಯೇ. ಮದುವೆಗಳಲ್ಲಿ ಮಲಕಾರಿ ಫೋಟೋ ತೆಗೆದರೆ ಸಮಾಧಾನ ವಿಡಿಯೋ ಹಿಡಿಯುವನು. ಮೆರವಣಿಗೆ ಹೊರಟಾಗ ವಿಡಿಯೋದವನು ಅದರ ಮುಂದೆ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಅವನ ಬೆನ್ನಿಗೆ ಕಣ್ಣಿಲ್ಲ. ಹಾಗಾಗಿ ಇನ್ನೊಬ್ಬ ಪಕ್ಕದಲ್ಲಿದ್ದು, ಅವನ ನಡುವಿನ ಬೆಲ್ಟು ಹಿಡಿದು, ಗಟಾರ, ಕಲ್ಲು, ಮಲಗಿದ ನಾಯಿ ಎಲ್ಲವನ್ನೂ ತಪ್ಪಿಸಿ ಕರೆದೊಯ್ಯಬೇಕು. ಇಷ್ಟು ವರ್ಷವೂ ಆ ಬೆಲ್ಟು ಹಿಡಿದವನು ಮಲಕಾರಿ. "ಹಿಂದ ಸಾಫ್ ಐತೇನ ಮಾಮಾ?" ಎಂದು ಸಮಾಧಾನ ಕೇಳುವನು. "ಸಾಫ್ ಐತಿ, ಬಾ" ಎಂದು ಇವನು ಹೇಳುವನು. ಸಮಾಧಾನ ಒಮ್ಮೆಯೂ ತಿರುಗಿ ನೋಡಿದವನಲ್ಲ.

ದೀಪಾವಳಿಯಾದ ಮೇಲೆ ಐಗಳಿಯ ಒಂದು ಮದುವೆಯಲ್ಲಿ ಮಲಕಾರಿ ಅವನನ್ನು ಒಯ್ದು ಕಟ್ಟಿದ ಆಕಳಿಗೆ ಹಾಯಿಸಿದ್ದ. ಎದ್ದು ಸೆಗಣಿ ಕೊಡವಿಕೊಳ್ಳುತ್ತ ಸಮಾಧಾನ ನಕ್ಕ.

"ಮಾಮಾ, ಆಕಳಾ ನಿಮ್ಮ ಬೀಗರ ಪೈಕಿ ಏನ್ರಿ? ಸೀದಾ ಒಯ್ದು ಭೇಟಿ ಮಾಡಿಸಿದ್ರೆಲಾ."

ಮಲಕಾರಿ ನಗಲಿಲ್ಲ. ಕಾಲು ನೆಟ್ಟಗಿಟ್ಟು ನಡೆಯಲು ಬಾರದವನು ನನಗೆ ಹೇಳಬೇಡ ಎಂದು ಎಲ್ಲರೆದುರು ಬೈದ. ಸಮಾಧಾನ ಅದಕ್ಕೂ ನಕ್ಕ. ಮಾಮನ ಸಿಟ್ಟು ಅವನಿಗೆ ಹೊಸದಲ್ಲ.

ಆ ಭಾಗದ ಸ್ಟುಡಿಯೋದವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ, ಚಳಿ ಹಿಂದೆ ಸರಿದು ಮರಗಳು ಎಲೆ ಉದುರಿಸುವ ಹೊತ್ತಿಗೆ, ನಿಪ್ಪಾಣಿ ದಾಟಿ ತವಂದಿ ಘಾಟಿನ ಕಾಡಿಗೆ ಬುತ್ತಿ ಕಟ್ಟಿಕೊಂಡು ಹೋಗುವರು. ವರ್ಷವಿಡೀ ಮದುಮಕ್ಕಳ ಮುಖ ನೋಡಿ ಬೇಸತ್ತವರಿಗೆ ಅದೊಂದು ದಿನ ಮರ ನೋಡುವ ದಿನ. ಒಳ್ಳೆಯ ಚಿತ್ರ ಸಂಘದ ಕ್ಯಾಲೆಂಡರಿಗೆ ಬರುತ್ತಿತ್ತು. ಮಲಕಾರಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಕಳೆದ ವರ್ಷವೂ ಏನೋ ನೆಪ ಹೇಳಿ ತಪ್ಪಿಸಿದ್ದ. ಸಂಘದ ಹಿರಿಯ, ನಿಪ್ಪಾಣಿಯ ಬಾಪುಸಾಹೇಬರು ಫೋನಿನಲ್ಲಿ, ಏನು ಮಲಕಾರಿ, ಕ್ಯಾಮರಾ ಮಾರಿದಿಯೋ ಹೇಗೆ ಎಂದು ಚೇಷ್ಟೆ ಮಾಡಿದರು. ದೊಡ್ಡ ಮದುವೆಗಳ ಕೆಲಸ ಯಾರಿಗೆ ಹೋಗಬೇಕೆಂದು ಗೊತ್ತು ಮಾಡುವವರು ಅವರೇ. ಮಲಕಾರಿ ಹೊರಟ.

ಕಾಡು ಆ ವರ್ಷ ಬಣ್ಣ ತುಂಬಿ ನಿಂತಿತ್ತಂತೆ. ನಂದಿ ಮರಗಳ ಎಲೆ ತಾಮ್ರವಾಗಿದೆ ಎಂದರು. ಮತ್ತಿಯ ಹಳದಿ ನೋಡು ಎಂದರು. ಎಲೆ ಕಳಚಿಕೊಂಡ ಮುತ್ತಲದ ತುದಿಯಲ್ಲಿ ಮೊದಲ ಹೂ ಬಂದಿದೆ, ಬೆಂಕಿ ಹಚ್ಚಿದಂತಿದೆ ಎಂದರು. ಮಲಕಾರಿ ಹೌದೌದು ಎನ್ನುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ಒಂದೇ ಕಂದು. ಯಾರೋ ಹಸಿ ಗೋಡೆಗೆ ಕೆಮ್ಮಣ್ಣು ಬಳಿದು ಅದು ಒಣಗುವ ಮೊದಲೇ ಅಂಗೈಯಿಂದ ಒರೆಸಿದ ಹಾಗೆ. ಅದರ ಮೇಲೆ ಕರಿ ದಾರಗಳು ತೇಲುತ್ತಿದ್ದವು.

ಬಾಪುಸಾಹೇಬರು ಅವನ ಕ್ಯಾಮರಾ ಇಸಕೊಂಡು ನೋಡಿದರು. ಇದೇನು, ಎಲ್ಲ ಮಸಕು ಮಸಕು ಎಂದರು. ಈಗಿನ ಕಾಲದ ಫೋಟೋ ಹೀಗೇ ಇರುತ್ತವೆ, ನಿಮಗೆ ತಿಳಿಯುವುದಿಲ್ಲ ಎಂದು ಮಲಕಾರಿ ಸಿಡುಕಿದ. ಸುತ್ತಲಿದ್ದವರು ನಕ್ಕರು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಊಟಕ್ಕೆ ಮೊದಲು ಬಾಪುಸಾಹೇಬರಿಗೆ ಒಂದು ರೀಲ್ ಮಾಡುವ ಹುಕ್ಕಿ ಬಂತು. ಎಲೆ ಹಾಸಿದ ದಾರಿಯಲ್ಲಿ ಸಂಘದವರೆಲ್ಲ ಸಾಲಾಗಿ ನಡೆದು ಬರಬೇಕು, ಸಮಾಧಾನ ಮುಂದೆ ಹಿಮ್ಮುಖ ನಡೆಯುತ್ತ ಹಿಡಿಯಬೇಕು. ಸಮಾಧಾನ ಖುಷಿಯಿಂದ ಒಪ್ಪಿದ. ನಿತ್ಯ ಮದುವೆಗೆ ಬಂದವರಿಗೆ ಹೇಳುವುದನ್ನೇ ಇವರಿಗೂ ಹೇಳಿದ.

"ಯಾರೂ ಕ್ಯಾಮರಾ ನೋಡಬ್ಯಾಡ್ರಿ. ಮ್ಯಾಲ ಗಿಡದ ಕಡೆ ನೋಡ್ಕೋತ ಬರ್ರಿ. ಬಾಪುಸಾಹೇಬ್ರ, ಹೊಟ್ಟಿ ಒಳಗ ಎಳಕೋರಿ."

ಎಲ್ಲರೂ ನಗುತ್ತ ತಲೆಯೆತ್ತಿದರು. ಮಲಕಾರಿ ಎಂದಿನಂತೆ ಎಡಗೈಯಲ್ಲಿ ಸಮಾಧಾನನ ಬೆಲ್ಟು ಹಿಡಿದ. ಮದುವೆಯ ಓಣಿಗಳು ಅವನ ಕಾಲಿಗೆ ಗೊತ್ತಿದ್ದವು. ಈ ದಾರಿ ಗೊತ್ತಿರಲಿಲ್ಲ. ಅದು ಸ್ವಲ್ಪ ಮುಂದೆ ಬಲಕ್ಕೆ ಹೊರಳುತ್ತಿತ್ತು. ಹೊರಳುವಲ್ಲಿ ಎಡಕ್ಕೆ ಹಿಂದೆಂದೋ ಕಲ್ಲು ತೆಗೆದು ಬಿಟ್ಟ ಆಳದ ಖಣಿ. ಅದರ ಅಂಚಿನವರೆಗೂ ಸಾಗವಾನಿಯ ಅಗಲ ಎಲೆ ಮುಚ್ಚಿತ್ತು. ಎಡಕ್ಕೆ ಮಲಕಾರಿಗೆ ಬರೀ ಕತ್ತಲೆ. ಎದುರಿಗೆ ಅದೇ ಕಂದು, ದಾರಿಯದೂ ಖಣಿಯಾಚೆಯ ದಿಬ್ಬದ್ದೂ ಒಂದೇ ಕಂದು.

"ಹಿಂದ ಸಾಫ್ ಐತೇನ ಮಾಮಾ?"

ನಿಲ್ಲು ಎನ್ನಬೇಕೆಂದು ಮಲಕಾರಿಗೆ ನಾಲಗೆಯವರೆಗೆ ಬಂತು. ನಿಲ್ಲು ಎಂದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ.

"ಸಾಫ್ ಐತಿ, ಬಾ."

ಎರಡು ಹೆಜ್ಜೆ ಆಗಿರಬಹುದು. ಕೈಯಲ್ಲಿದ್ದ ಬೆಲ್ಟು ಒಮ್ಮೆಲೇ ಕಲ್ಲಿನಷ್ಟು ಭಾರವಾಗಿ, ಆಮೇಲೆ ಏನೂ ಇಲ್ಲವಾಯಿತು. ಮಲಕಾರಿ ಮೊಣಕಾಲೂರಿ ಬಿದ್ದ. ಕೆಳಗೆ ಕ್ಯಾಮರಾ ಬಂಡೆಗೆ ಬಡಿದ ಸದ್ದು ಕೇಳಿತು. ಸಮಾಧಾನ ಕೂಗಲಿಲ್ಲ. ಕೂಗುವಷ್ಟು ಹೊತ್ತೂ ಅವನಿಗೆ ಸಿಕ್ಕಿರಲಿಕ್ಕಿಲ್ಲ.

ನಿಪ್ಪಾಣಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಎಲೆ ಮುಚ್ಚಿತ್ತು, ದೇವರು ನಿಂತಿದ್ದರೂ ತಿಳಿಯುತ್ತಿರಲಿಲ್ಲ ಎಂದು ಬಾಪುಸಾಹೇಬರು ಪೊಲೀಸರಿಗೆ ಹೇಳಿದರು. ಉಳಿದವರೂ ಹಾಗೇ ಹೇಳಿದರು, ಯಾಕೆಂದರೆ ಅವರೆಲ್ಲ ಮೇಲೆ ನೋಡುತ್ತಿದ್ದರು. ನೀನೂ ಹೋಗುತ್ತಿದ್ದೆ, ಉಳಿದದ್ದೇ ಪುಣ್ಯ ಎಂದು ಮಲಕಾರಿಯ ಹೆಗಲು ಮುಟ್ಟಿದರು. ಯಾರೂ ಕೇಳದ ಪ್ರಶ್ನೆಗೆ ತಾನೇಕೆ ಉತ್ತರ ಕೊಡಬೇಕು ಎಂದು ಮಲಕಾರಿ ರಾತ್ರಿಯೆಲ್ಲ ತನ್ನೊಳಗೇ ಜಗಳವಾಡಿದ.

ಮರುದಿನ ಹೆಣ ಮನೆಗೆ ಬಂತು. ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದರು. ತಲೆಯ ಗಾಯ ಕಾಣದಂತೆ ಹಳದಿ ರುಮಾಲು ಸುತ್ತಿದರು, ಕೊರಳಿಗೆ ಮಾಲೆ ಹಾಕಿದರು. ಮಣ್ಣಿಗೆ ಒಯ್ಯುವ ಮೊದಲು ಕಡೆಯ ಫೋಟೋ ಒಂದು ಆಗಬೇಕು. ಸುತ್ತಣ ಊರುಗಳ ಎಷ್ಟೋ ಮನೆಯ ಗೋಡೆಗಳ ಮೇಲೆ ಮಲಕಾರಿ ತೆಗೆದ ಅಂಥ ಫೋಟೋಗಳಿವೆ. ಅಂಗಳ ತುಂಬ ಫೋಟೋ ತೆಗೆಯುವವರೇ ನೆರೆದಿದ್ದರೂ ಸುಜಾತಾ ಅಣ್ಣನೇ ತೆಗೆಯಲಿ ಎಂದಳು.

ಅವಳು ಸ್ಟುಡಿಯೋದಲ್ಲಿ ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿ ಗದ್ದ ಎತ್ತಿ ಸರಿಮಾಡುತ್ತಿದ್ದವಳು. ಈಗ ಗಂಡನ ಗದ್ದ ಹಿಡಿದು ನೆಟ್ಟಗೆ ಮಾಡಿದಳು. ಅದು ಮತ್ತೆ ವಾಲಿತು. ಮತ್ತೆ ಹಿಡಿದಳು.

"ಅಣ್ಣಾ, ಇಷ್ಟ ಸಾಕೇನ? ಇನ್ನಷ್ಟ ಹಿಂದ ಸರಿಸಲೇನ?"

ಮಲಕಾರಿ ಕ್ಯಾಮರಾದೊಳಗೆ ನೋಡಿದ. ಹಳದಿಯದೊಂದು ಮುದ್ದೆ. ಅದರ ಕೆಳಗೆ ಮುಖ ಇರಬೇಕಾದಲ್ಲಿ ಕರಿ ದಾರ ಆಡುತ್ತಿತ್ತು.

"ನನಗ ಕಾಣವಲ್ದು, ಸುಜಾತಾ."

ಹೆಂಗಸರು ಬಿಕ್ಕಿದರು. ಬಾಪುಸಾಹೇಬರು ಬೆನ್ನು ಸವರಿದರು.

"ಇಂಥಾ ಹೊತ್ತಿನ್ಯಾಗ ಯಾರಿಗೆ ಕಾಣತೈತಿ, ಮಲಕಾರಿ. ಕಣ್ಣೀರ ಒರಸ್ಕೊ."

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಎಲ್ಲರೂ ಅದನ್ನು ಅಲ್ಲಿಗೇ ನಿಲ್ಲಿಸಿಯೂ ಇದ್ದರು. ಮಲಕಾರಿ ಕಣ್ಣು ಮುಟ್ಟಿಕೊಂಡ. ಒಣಗಿದ್ದವು. ಬೆನ್ನ ಮೇಲಿನ ಆ ಕೈ ಅವನಿಗೆ ತಡೆಯಲಾಗಲಿಲ್ಲ, ಕೊಡವಿದ.

"ಕಣ್ಣೀರ ಅಲ್ರಿ. ಕಣ್ಣ ಹೋಗ್ಯಾವ. ದೀಪಾವಳಿಗಿಂತ ಮದಲ ಹೋಗ್ಯಾವ. ನಿನ್ನೆನೂ ಕಾಣ್ತಿರಲಿಲ್ಲ."

ಸುಜಾತಾ ಗಂಡನ ಗದ್ದದಿಂದ ಕೈ ತೆಗೆಯಲಿಲ್ಲ.

"ಅವರು ನಿನ್ನ ಕೇಳಲಿಲ್ಲೇನ?"

"ಕೇಳಿದ."

"ಏನಂದಿ?"

"ಸಾಫ್ ಐತಿ ಅಂದೆ."

ಅವಳು ಬೈಯಲಿಲ್ಲ. ಎದ್ದು ಬಂದು ಅವನ ಕೊರಳಿನಿಂದ ಕ್ಯಾಮರಾ ತೆಗೆದುಕೊಂಡಳು. ಗದ್ದ ಹಿಡಿಯಲು ಅತ್ತೆಗೆ ಹೇಳಿದಳು. ಫ್ಲ್ಯಾಶ್ ಮಿಂಚಿದ್ದು ಮಾತ್ರ ಮಲಕಾರಿಗೆ ಕಂಡಿತು.

"ಇನ್ನ ಹೊರಗ ನಡಿ" ಎಂದಳು.

ಹೊಸ್ತಿಲಾಚೆ ಬಿಸಿಲು ಬಿಳಿ ಗೋಡೆಯಂತೆ ನಿಂತಿತ್ತು. ಬಾಗಿಲ ಬಳಿ ಬಂದವರ ಚಪ್ಪಲಿ ರಾಶಿ. ಮಲಕಾರಿ ಕುಕ್ಕರಗಾಲಲ್ಲಿ ಕುಳಿತು ತನ್ನವನ್ನು ಕೈಯಿಂದ ತಡಕತೊಡಗಿದ. ಒಂದನ್ನು ಎತ್ತಿ ಹಿಮ್ಮಡಿ ಮುಟ್ಟಿ ನೋಡಿ ಕೆಳಗಿಟ್ಟ. ಇನ್ನೊಂದನ್ನು ಎತ್ತಿದ. ಅಂಗಳದವರು ಅವನಿಗೆ ಜಾಗ ಬಿಟ್ಟು ಸರಿದು ನಿಂತರು. ಕೈ ಹಿಡಿಯಲು ಯಾರೂ ಬರಲಿಲ್ಲ. ಕೊನೆಗೆ ಅವನು ಬರಿಗಾಲಲ್ಲೇ ಎದ್ದು, ಒಂದು ಕಾಲನ್ನು ಮುಂದಿಟ್ಟು, ನೆಲ ಇದೆಯೋ ಇಲ್ಲವೋ ಎಂದು ಒತ್ತಿ ನೋಡಿ, ಆಮೇಲೆ ಇನ್ನೊಂದನ್ನು ಎತ್ತಿದ.