ಎಡಕ್ಕೆ ತಿರುಗಿದ ಕೊಂಬು

"ಏಯ್, ಕಣ್ಣು ಕಾಣ್ಸಲ್ವಾ ನಿಂಗೆ? ಆ ಹಾಳು ಬಕೀಟು ದಾರಿಯಿಂದ ಎತ್ತು ಅಂತ ಎಷ್ಟು ಸಲ ಬಡ್ಕೋಬೇಕು?"

ದಾಮಿರಾ ಮೇಡಮ್ಮಿನ ಬೂಟು ಬಕೆಟ್ಟಿಗೆ ತಾಗಿ, ನಾನು ಆಗತಾನೇ ಒರೆಸಿದ್ದ ಮೆಟ್ಟಿಲುಗಳ ಮೇಲೆ ಕೆಸರು ನೀರು ಇಳಿಯಿತು. ಆರೂವರೆಯಿಂದ ಬಗ್ಗಿ ಒರೆಸಿದ್ದು. ಅವಳು ವಿಶ್ವವಿದ್ಯಾಲಯದ ಕಚೇರಿಯ ಮುಖ್ಯಸ್ಥೆ, ನನಗಿಂತ ಆರು ವರ್ಷ ಚಿಕ್ಕವಳು. ನಮ್ಮಲ್ಲಿ ಹಿರಿಯಳನ್ನು ಅಕ್ಕ ಎನ್ನದೆ ಮಾತಾಡಿಸಿದರೆ ಅವಳ ಹೆತ್ತವಳನ್ನು ಬೈದ ಹಾಗೆ. ನೀರು ಚೆಲ್ಲಿದ್ದಕ್ಕಿಂತ ಅದೇ ಉರಿಯಿತು.

"ಇದ್ಯಾಕೆ ಇಲ್ಲಿ ಕೂತಿದೆ?"

ಇದು ಎಂದದ್ದು ನನ್ನ ಮಗಳನ್ನು. ಅಕ್ಮರಾಲ್‌ಗೆ ಏಳು ವರ್ಷ. ಕಲ್ಲು ಕೊರೆಯುತ್ತದೆಂದು ಮನೆಯಿಂದ ತನ್ನ ಹಾಸಿಗೆಯ ಕಪ್ಪು ಉಣ್ಣೆಹಾಸು ಸುತ್ತಿಕೊಂಡು ಬಂದು ಅದರ ಮೇಲೆ ಕೂತಿದ್ದಳು.

"ಇಸ್ಕೂಲಿಗೆ ರಜ ಕೊಟ್ಟವ್ರೆ ಮೇಡಂ. ಒಲೆಗೆ ಕಲ್ಲಿದ್ದಲು ಇಲ್ವಂತೆ. ಮಕ್ಳ ಕೈ ಮರಗಟ್ಟಿ ಪೆನ್ನು ಹಿಡಿಯಕ್ಕಾಯ್ತಿಲ್ಲ."

"ರಾಜಧಾನಿಯಿಂದ ದೊಡ್ಡೋರು ಬರ್ತಿದಾರೆ, ಹನ್ನೊಂದಕ್ಕೆ. ಅವರ ಕಣ್ಣಿಗೆ ಬೀಳಿಸ್ಬೇಡ ಇದನ್ನ. ಹಾಂ, ಅಷ್ಟರೊಳಗೆ ಇದಕ್ಕೊಂದು ಸಹಿ ಹಾಕಿ ತಂದ್ಕೊಡು." ಒಂದು ಹಾಳೆಯನ್ನು ನನ್ನ ಒದ್ದೆ ಕೈಗೆ ತುರುಕಿದಳು. "ಹಾಕ್ದೇ ಹೋದ್ರೆ ಪೊರಕೆ ಇಟ್ಟು ನಡಿ."

ಅವಳ ಬೂಟಿನ ಸದ್ದು ಮೇಲೆ ಹೋಯಿತು. ಮೆಟ್ಟಿಲ ಗೋಡೆಗೆ ಹಿಂದಿನ ದಿನ ಒಂದು ದೊಡ್ಡ ಚಿತ್ರ ತೂಗುಹಾಕಿದ್ದರು. ಸಗಿನ್‌ಬೆಕ್ ಮೇಷ್ಟ್ರು, ಅವರ ವಿದ್ಯಾರ್ಥಿ ನೂರ್ತಿಲೆಕ್, ಇಬ್ಬರ ನಡುವೆ ಕಪ್ಪು ಕುರಿಕೊಂಬುಗಳ ಒಂದು ಬಿಳಿ ಹಾಸು. ಕೆಳಗೆ ಕೆಂಪಕ್ಷರ: ನಮ್ಮ ವಿಶ್ವವಿದ್ಯಾಲಯದ ಆವಿಷ್ಕಾರ, ಬೆಂಕಿ ಹತ್ತದ, ಹುಳ ಹಿಡಿಯದ ಗೋಡೆಹಾಸು. ಗುರುಶಿಷ್ಯರಿಗೆ ರಾಷ್ಟ್ರೀಯ ಬಹುಮಾನ.

ಅಕ್ಮರಾಲ್ ಆ ಚಿತ್ರವನ್ನೇ ನೋಡುತ್ತಿದ್ದಳು.

"ಅಮ್ಮಾ, ಒಂದ್ ಮಾತು ಕೇಳ್ಲಾ?"

"ಆಮೇಲೆ ಕೇಳೀವಂತೆ ಕಂದಾ. ಮೊದ್ಲು ನೀರು ಬಳೀತೀನಿ."

ಮೆಟ್ಟಿಲು ಮತ್ತೆ ಒರೆಸಿ, ಅವಳನ್ನು ಕರೆದುಕೊಂಡು ಬಾಯ್ಲರ್ ಕೋಣೆಗೆ ಇಳಿದೆ. ಆ ಕಟ್ಟಡದಲ್ಲಿ ನಮ್ಮಂಥವರಿಗೆ ಬೆಚ್ಚಗಿರುವ ಜಾಗ ಅದೊಂದೇ. ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕಾದಿರ್ ತಾತ ಮಗಳಿಗೆ ರೊಟ್ಟಿ ಮುರಿದು ಕೊಟ್ಟ, ಬಟ್ಟಲಿಗೆ ಚಹಾ ಬಗ್ಗಿಸಿದ. ನಾನು ಹಾಳೆ ಓದಿದೆ.

"ಶುಚಿ ಕೆಲಸದ ಸಾಲ್ಕಿನ್ ಎಂಬ ನಾನು, ಪ್ರಯೋಗಾಲಯದವರು ಹೇಳಿದಂತೆ ಉಣ್ಣೆ ತೊಳೆದು ಕೊಟ್ಟಿರುತ್ತೇನೆ. ವಿಧಾನದ ಕುರಿತು ನನಗೆ ಯಾವ ತಿಳಿವಳಿಕೆಯೂ ಇರುವುದಿಲ್ಲ. ಇದು ವಿಶ್ವವಿದ್ಯಾಲಯದ ಸ್ವತ್ತಾಗಿದ್ದು, ಅನುಮತಿಯಿಲ್ಲದೆ ನಾನು ಎಲ್ಲಿಯೂ ಬಳಸುವುದಿಲ್ಲ, ಯಾರಿಗೂ ಕಲಿಸುವುದಿಲ್ಲ."

ಕಾದಿರ್ ತಾತ ಸಲಿಕೆ ಕೆಳಗಿಟ್ಟ. "ತೊಳೆದುಕೊಟ್ಟಳಂತೆ! ಮೇಷ್ಟ್ರು ಬೋಳಿಮಗ. ಈ ಅಂಗಳದಾಗೆ ಐದು ತಿಂಗ್ಳು ನಿನ್ ಮೊಳಕೈಲಿ ರಕ್ತ ಬಂದದ್ದು ನಾನು ಕಂಡಿಲ್ವಾ? ನಮ್ ಬೂದಿನೂ ಬಿಡ್ಲಿಲ್ವಲ್ಲವ್ವಾ ಇವರು. ಇನ್ನು ಉಚ್ಚೆ ಹೊಯ್ಯಕ್ಕೂ ಇವರ ಅಪ್ಪಣೆ ಚೀಟಿ ಬೇಕಾಯ್ತದೆ ನೋಡ್ತಿರು."

ಅಕ್ಮರಾಲ್ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರ ಪ್ರಯೋಗಾಲಯದ ಕಸ ಗುಡಿಸುತ್ತಿದ್ದವಳು ನಾನೇ. ರಾಜಧಾನಿಯಿಂದ ತರಿಸಿದ ಔಷಧಿ ಬಳಿದ ಹಾಸುಗಳನ್ನೆಲ್ಲ ಹುಳ ಜರಡಿ ಮಾಡಿತ್ತು. ನೂರ್ತಿಲೆಕ್ ತಲೆ ಹಿಡಿದು ಕೂತಿದ್ದ. ಹುಡುಗನ ಮುಖ ನೋಡಲಾರದೆ ಹೇಳಿದೆ: "ಬೆಟ್ಟದ ಉಪ್ಪುಮುಳ್ಳಿನ ಗಿಡ ಸುಟ್ಟು, ಆ ಬೂದಿನೀರು ಕುದಿಸಿ ಆರಿಸಿ, ಅದ್ರಲ್ಲಿ ಉಣ್ಣೆ ಮೂರು ದಿನ ನೆನೆಸಪ್ಪಾ. ಹುಳ ಹತ್ರ ಸುಳಿಯಲ್ಲ, ಕಿಡಿ ಬಿದ್ರೂ ಹತ್ತಲ್ಲ. ನಮ್ಮವ್ವ ಹಂಗೇ ಮಾಡ್ತಿದ್ಳು." ಮರುದಿನವೇ ಸಗಿನ್‌ಬೆಕ್ ಮೇಷ್ಟ್ರು ಈ ಬಾಯ್ಲರ್ ಕೋಣೆಗೆ ಬಂದು, ಇದೇ ಬಟ್ಟಲಲ್ಲಿ ಚಹಾ ಕುಡಿದು, "ನೀವು ನಮ್ಮ ಪಾಲಿನ ಪುಣ್ಯ ಅಕ್ಕಾ" ಎಂದಿದ್ದರು. ಅಂದು ಅಕ್ಕ ಆಗಿದ್ದೆ.

ಕೆಲಸ ಮುಗಿದ ಮೇಲೆ ಉಣ್ಣೆ ಬಡಿದು, ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಸುರಿದು, ಸುತ್ತಿ ತುಳಿದು, ಮೊಳಕೈಯಲ್ಲಿ ಒತ್ತಿ ಒತ್ತಿ ಒಂಬತ್ತು ಹಾಸು ಮಾಡಿಕೊಟ್ಟೆ. ಕೊನೆಯದಕ್ಕೆ ಮೇಷ್ಟ್ರು, "ನಮ್ಮ ಕುರಿಕೊಂಬಿನ ಚಿತ್ರ ಇರಲಿ ಅಕ್ಕಾ, ನೋಡೋಕೆ ಚೆಂದ" ಎಂದರು.

ಕೊಂಬಿನ ಹಾಸನ್ನು ಒಂಟಿಯಾಗಿ ಕತ್ತರಿಸುವುದಿಲ್ಲ. ಕಪ್ಪು ಹಾಸಿನ ಮೇಲೆ ಬಿಳಿ ಹಾಸು ಇಟ್ಟು ಎರಡನ್ನೂ ಒಂದೇ ಚೂರಿಯಲ್ಲಿ ಕುಯ್ಯಬೇಕು. ಕಪ್ಪಿನ ಕೊಂಬು ಬಿಳಿಯ ತೂತಿಗೆ, ಬಿಳಿಯ ಕೊಂಬು ಕಪ್ಪಿನ ತೂತಿಗೆ. ಒಂದು ಚೂರೂ ದಂಡವಾಗದೆ ಅವಳಿ ಹುಟ್ಟುತ್ತವೆ. ಬಿಳಿಯದನ್ನು ಮೇಷ್ಟ್ರಿಗೆ ಕೊಟ್ಟೆ. ಕಪ್ಪನ್ನು ಮಗಳ ಹಾಸಿಗೆಗೆ ಹಾಕಿದೆ.

ಆ ಅವಳಿಗಳಲ್ಲಿ ಒಂದು ತಪ್ಪಿದೆ. ನಮ್ಮವ್ವ ಉಮ್ಸುನಾಯ್, ಸರ್ಕಾರಿ ಉಣ್ಣೆ ಕೊಟ್ಟಿಗೆಯಲ್ಲಿ ಹಂಡೆ ಮಗುಚಿ ಬಲಗೈ ಬೇಯಿಸಿಕೊಂಡವಳು. ಬೆರಳು ಅಂಟಿಹೋಗಿದ್ದವು. ಆಮೇಲೆ ಎಡಗೈಯಲ್ಲಿ ಚೂರಿ ಹಿಡಿದಳು. ನಾಲ್ಕನೆಯ ಮೂಲೆಗೆ ಬಂದಾಗ ಕೊಂಬು ಬಲಕ್ಕೆ ಸುತ್ತುವ ಬದಲು ಎಡಕ್ಕೆ ತಿರುಗುತ್ತಿತ್ತು. ಸಾಯುವವರೆಗೂ ಹಾಗೇ ಕತ್ತರಿಸಿದಳು. ನನ್ನ ಎರಡು ಕೈಯೂ ಸರಿಯಾಗಿವೆ. ಆದರೆ ಅವಳ ಕೈ ನೋಡಿ ಕಲಿತವಳು. ನಾಲ್ಕನೆಯ ಮೂಲೆಗೆ ಬಂದರೆ ನನ್ನ ಚೂರಿಯೂ ಎಡಕ್ಕೇ ಹೋಗುತ್ತದೆ. ಅಕ್ಮರಾಲ್ ಮಲಗುವಾಗ ಆ ಕೊಂಬಿನ ಮೇಲೆ ಬೆರಳಾಡಿಸಿ ಆ ಕತೆಯನ್ನೇ ಕೇಳುತ್ತಾಳೆ.

ಯಾರಿಗೂ ಕಲಿಸುವುದಿಲ್ಲ, ಎಂದು ಹಾಳೆಯಲ್ಲಿತ್ತು. ನಾನು ಮಗಳ ಕೈ ನೋಡಿದೆ. ರೊಟ್ಟಿಯ ಹುಡಿ ಅಂಟಿದ ಪುಟ್ಟ ಕೈ.

"ಸಹಿ ಹಾಕ್ದೆ ಇದ್ರೆ ನಾಳೆ ಇವಳಿಗೆ ಏನು ಇಕ್ಕಲಿ ತಾತಾ?" ಎಂದೆ.

ತಾತ ಉಳಿದ ರೊಟ್ಟಿಯನ್ನು ಮಗಳ ಕೋಟಿನ ಜೇಬಿಗೆ ತುರುಕಿದ. ಸಲಿಕೆ ಎತ್ತಿಕೊಂಡ.

ಹಾಳೆಯನ್ನು ಏಪ್ರನ್ನಿನ ಜೇಬಿಗಿಟ್ಟು ಮೇಲೆ ಬಂದರೆ, ಹೊಸ ಕೋಟು ತೊಟ್ಟ ನೂರ್ತಿಲೆಕ್ ಎದುರಾದ. ಗೋಡೆ ನೋಡುತ್ತ ದಾಟಿಹೋಗುವವನಿದ್ದ.

"ಯಾಕಪ್ಪಾ, ನನ್ ಮನೇಲಿ ಉಂಡ ಗಂಜಿ ಇಷ್ಟ್ ಬೇಗ ಅರಗೋಯ್ತಾ?"

ನಿಂತ. ಕಿವಿ ಕೆಂಪಾಗಿತ್ತು. "ಅಕ್ಕಾ, ದೇವರಾಣೆ ನಾನು ನಿಮ್ ಹೆಸ್ರು ಬರ್ದಿದ್ದೆ. ಮೇಷ್ಟ್ರು ಹೊಡೆದಾಕಿದ್ರು. ಕಸ ಗುಡಿಸೋಳ ಹೆಸ್ರು ಹಾಕಿದ್ರೆ ಇದು ಸಂಶೋಧನೆ ಅನ್ಸಲ್ಲ, ಅಜ್ಜಿ ಮದ್ದು ಅನ್ನುಸ್ತದೆ ಅಂದ್ರು."

"ನೀನೇನಂದೆ?"

"ನನ್ ಪದವಿ ಅವರ ಕೈಲಿದೆಯಲ್ಲಕ್ಕಾ."

"ಹಂಗಾರೆ ಮುಖ ಯಾಕೆ ತಿರುಗಿಸ್ತೀಯ? ನೆಟ್ಟಗೆ ನೋಡ್ಕೊಂಡೇ ಕದಿ."

ಹನ್ನೊಂದಕ್ಕೆ ಅತಿಥಿಗಳು ಬಂದರು. ಬಾಗಿಲಲ್ಲಿ ಸ್ವಾಗತಕ್ಕೆ ಹಿಡಿದಿದ್ದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಬೂಟಿನ ಮಂಜನ್ನು ನನ್ನ ನೆಲಕ್ಕೆ ಕೊಡವಿ ಒಳಗೆ ನಡೆದರು. ನಾನು ಮಗಳನ್ನು ಬೆನ್ನ ಹಿಂದೆ ಮರೆಮಾಡಿ, ಸಭಾಂಗಣದ ಹಿಂಬಾಗಿಲಲ್ಲಿ ಬಕೆಟ್ಟು ಇಟ್ಟುಕೊಂಡು ನಿಂತೆ. ಹೊರದೇಶದ ಭಾಷೆಯಲ್ಲೂ ಭಾಷಣವಾಯಿತು. ಆಮೇಲೆ ಬಿಳಿ ಉಣ್ಣೆಟೋಪಿ ತೊಟ್ಟ ಸಗಿನ್‌ಬೆಕ್ ಮೇಷ್ಟ್ರು ಎದ್ದರು. ಪರದೆಯ ಮೇಲೆ ಚಿತ್ರಗಳು ಬಂದವು. ಮೇಷ್ಟ್ರು ಹಾಸು ಹಿಡಿದದ್ದು, ನೂರ್ತಿಲೆಕ್ ಬೆಂಕಿ ಹಚ್ಚಿ ನೋಡಿದ್ದು. ಒಂದರಲ್ಲಿ ಹಾಸು ಒತ್ತುತ್ತಿದ್ದ ಎರಡು ಕೈ, ಬಲಗೈ ಮಣಿಕಟ್ಟಿಗೆ ಕೆಂಪು ದಾರ. ಆ ದಾರ ಈಗಲೂ ನನ್ನ ಕೈಯಲ್ಲಿದೆ. ಚಿತ್ರ ಮೊಳಕೈಗೇ ಮುಗಿದಿತ್ತು. ಅಲ್ಲಿಂದ ಮೇಲಿನ ನನ್ನನ್ನು ಕತ್ತರಿಸಿ ತೆಗೆದಿದ್ದರು.

ಮುಂದಿನ ಸಾಲಿನ ದಪ್ಪನೆಯ ಅತಿಥಿಯೊಬ್ಬ ಮೇಜಿನ ಮೇಲಿದ್ದ ಹಾಸನ್ನು ತಡವಿದ. "ಮೂರು ಕೊಂಬು ಬಲಕ್ಕಿವೆ, ಇದೊಂದ್ಯಾಕೆ ಎಡಕ್ಕೆ ತಿರುಗಿದೆ ಮೇಷ್ಟ್ರೇ?"

ಮೇಷ್ಟ್ರು ಟೋಪಿ ಸರಿಮಾಡಿಕೊಂಡರು.

"ಒಳ್ಳೆ ಪ್ರಶ್ನೆ. ಅದು ನಾವು ಬೇಕೂಂತಲೇ ಮಾಡಿದ್ದು. ಗೋಡೆ ಮೂಲೇಲಿ ಸುತ್ತೋ ತಣ್ಣನೆ ಗಾಳಿನ ಆ ಎಡ ತಿರುವು ತಡೆದು ನಿಲ್ಲಿಸುತ್ತೆ. ಎರಡು ವರ್ಷದ ಲೆಕ್ಕಾಚಾರ ಇದೆ ಅದರ ಹಿಂದೆ."

ಚಪ್ಪಾಳೆ. ಎಲ್ಲರೂ ಬರೆದುಕೊಂಡರು. ನೂರ್ತಿಲೆಕ್ ತನ್ನ ಬೂಟು ನೋಡಿಕೊಂಡ.

ನನ್ನ ಅವ್ವನ ಬೆಂದ ಕೈ ಅದು. ಅಂಟಿದ ಬೆರಳುಗಳ ನಡುವೆ ಚಮಚ ನಿಲ್ಲದೆ, ಗಂಜಿ ಎದೆಯ ಮೇಲೆ ಚೆಲ್ಲಿಕೊಂಡು ಉಣ್ಣುತ್ತಿದ್ದಳು.

ದಾಮಿರಾ ಮೇಡಂ ಪಕ್ಕಕ್ಕೆ ಬಂದು ಪೆನ್ನು ಚಾಚಿದಳು. "ಎಲ್ಲಿ, ಹಾಕಿದ್ಯಾ? ಬೇಗ. ಕಾಗದ ಅವರ ಜೊತೆ ಹೋಗ್ಬೇಕು."

ಜೇಬಿನಿಂದ ಹಾಳೆ ತೆಗೆದೆ. ನಾಲ್ಕಾಗಿ ಮಡಚಿದೆ. ಬಗ್ಗಿ ಬಕೆಟ್ಟಿನ ನೀರಿಗೆ ಅದ್ದಿ, ಒರೆಸುವ ಬಟ್ಟೆಯ ಜೊತೆ ಸೇರಿಸಿ ಹಿಂಡಿದೆ. ಶಾಯಿ ಸಣ್ಣಗೆ ನೀಲಿಯಾಗಿ ಕೆಸರಿನಲ್ಲಿ ಕರಗಿತು.

"ನಿಂಗೆ ತಲೆ ಕೆಟ್ಟಿದ್ಯೇನೇ, ಮುಂಡೆ!"

"ಮುಂಡೆಯಾಗಿ ಐದು ವರ್ಷ ಆಯ್ತು ಮೇಡಂ. ಹೊಸದೇನಾದ್ರೂ ಬೈಯಿ. ಬೈಯೋಕ್ ಮುಂಚೆ ಅಕ್ಕ ಅನ್ನು."

ಏಪ್ರನ್ನಿನ ತುದಿ ಜಗ್ಗಿತು.

"ಅಮ್ಮಾ, ಈಗ್ಲಾದ್ರೂ ಕೇಳ್ಲಾ?"

ಬೆಳಗಿನಿಂದ ಎಷ್ಟು ಸಲ ಆಮೇಲೆ ಎಂದಿದ್ದೆನೋ. ಮಂಡಿಯೂರಿ ಅವಳ ಕೋಟಿನ ಗುಂಡಿ ಹಾಕಿದೆ. ಗಲ್ಲದ ರೊಟ್ಟಿ ಹುಡಿ ಒರೆಸಿದೆ.

"ಕೇಳು ಕಂದಾ. ನನ್ನಲ್ಲ, ಅವರನ್ನ. ಎಲ್ರಿಗೂ ಕೇಳೋ ಹಂಗೆ ಗಟ್ಟಿಯಾಗಿ ಕೇಳು."

ದಾಮಿರಾ ಮೇಡಂ ಕೈ ಚಾಚುವಷ್ಟರಲ್ಲಿ ಬಕೆಟ್ಟನ್ನು ಅಡ್ಡ ಎಳೆದು ನಿಂತೆ. ಅಕ್ಮರಾಲ್ ಹಾಸನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ತುದಿ ನೆಲಕ್ಕೆ ಎಳೆಯುತ್ತ, ಕುರ್ಚಿಗಳ ನಡುವೆ ನಡೆದಳು. ಬರೆಯುತ್ತಿದ್ದ ಪೆನ್ನುಗಳು ಅಲ್ಲಲ್ಲಿ ನಿಂತವು. ಮೇಜಿನ ಹತ್ತಿರ ಹೋಗಿ, ಕಾಲ್ಬೆರಳ ಮೇಲೆ ನಿಂತು, ಬಿಳಿ ಹಾಸಿನ ಪಕ್ಕ ತನ್ನ ಕಪ್ಪು ಹಾಸನ್ನು ಬಿಡಿಸಿದಳು. ಕಪ್ಪು ಕೊಂಬು, ಬಿಳಿ ಕೊಂಬು. ಅದೇ ಮೂಲೆ, ಅದೇ ತಪ್ಪು. ದಪ್ಪನೆಯ ಅತಿಥಿ ಕನ್ನಡಕ ಏರಿಸಿಕೊಂಡ.

ಮಗಳು ಮೇಷ್ಟ್ರ ಎರಡೂ ಕೈಗಳನ್ನು ಒಂದಾದ ಮೇಲೆ ಒಂದು ಬಗ್ಗಿ ನೋಡಿದಳು.

"ಮೇಷ್ಟ್ರೇ, ನಮ್ಮಜ್ಜಿಗೆ ಬಲಗೈ ಬೆಂದೋಗಿತ್ತು, ಅದಕ್ಕೇ ಕೊಂಬು ಎಡಕ್ಕೆ ಹೋಯ್ತು. ನಿಮಗೆ ಯಾವ ಕೈ ಸುಟ್ಟಿತ್ತು?"